ಕೋಣೆಯ ಮೌನ

ಸಂಜೆ ಆರೂವರೆ ಆಗಿದೆ. ಬೆಳಿಗ್ಗೆ ಎರಡು ಅಂಗಿಗೆ ಗುಂಡಿ ಹಾಕಿದೆ, ಮಧ್ಯಾಹ್ನ ಬಟ್ಟೆ ಇಸ್ತ್ರಿ ಮಾಡಿದೆ, ಆಮೇಲೆ ಈ ಸಭೆಯಲ್ಲಿ ಆಡಬೇಕಾದ ಮಾತುಗಳನ್ನು ಕನ್ನಡಿಯ ಮುಂದೆ ನಿಂತು ಓದಿಕೊಂಡೆ. ನನ್ನ ಇವತ್ತಿನ ದಿನ ಇಷ್ಟೇ. ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಧ್ವನಿ ಗ್ರಂಥಾಲಯದ ಕಾರ್ಯದರ್ಶಿಗಳೇ, ಕಣ್ಣಿನಿಂದ ನೋಡುವ ಮತ್ತು ಕಿವಿಯಿಂದ ನೋಡುವ ಸಭಿಕರೇ,

ದೇವರ ಬಗ್ಗೆ ನಾಲ್ಕು ಮಾತಾಡಬೇಕೆಂದು ಹೇಳಿದ್ದೀರಿ. ಹತ್ತನೇ ತರಗತಿಯವರೆಗೆ ಓದಿದವಳು ನಾನು. ದೇವರ ಬಗ್ಗೆ ಏನು ಮಾತಾಡಲಿ? ಅಂಧ ಓದುಗರಿಗಾಗಿ ಇಂದು ಬಿಡುಗಡೆಯಾಗುತ್ತಿರುವ ಈ ಧ್ವನಿಪುಸ್ತಕ ದೇವರನ್ನು ಕುರಿತದ್ದು. ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿದವರು ನಮ್ಮ ಯಜಮಾನರು. ಕೊನೆಯದನ್ನು ಓದಿದವಳು ನಾನು. ಅದು ಯಾಕೆ ಹಾಗಾಯಿತು ಎಂಬುದನ್ನಷ್ಟೇ ಹೇಳಬಲ್ಲೆ.

ಅವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಬರುವುದನ್ನು, ಹೋಗುವುದನ್ನು ಹೇಳುತ್ತಿದ್ದವರು. ನಿವೃತ್ತಿಯಾದ ಮೇಲೆ ಇಲ್ಲಿ ಓದಲು ಬಂದರು. ಈ ಪುಸ್ತಕ ಕೈಗೆ ಬಂದ ದಿನ ನಕ್ಕರು. "ಬರುತ್ತೆ ಬರುತ್ತೆ ಅಂತ ನಾನು ಹೇಳಿದ ಬಸ್ಸಲ್ಲಿ ಅರ್ಧ ಬರಲೇ ಇಲ್ಲ. ಈಗ ದೇವರ ವಿಷಯ ನನ್ನ ಬಾಯಲ್ಲೇ ಹೇಳಿಸ್ತಾರಂತೆ ನೋಡು!"

ಅವರು ನಂಬುವವರಲ್ಲ. ನಾನು ನಂಬುವವಳು. ಮನೆಯಲ್ಲಿ ನಾನು ಹೊಲಿಯುತ್ತಿದ್ದರೆ ಪಕ್ಕದಲ್ಲಿ ಕೂತು ಮೊದಲು ನನಗೇ ಓದಿ ಅಭ್ಯಾಸ ಮಾಡುತ್ತಿದ್ದರು. ರೂಪವಿರುವ ದೇವರು, ರೂಪವಿಲ್ಲದ ದೇವರು, ಎಲ್ಲಕ್ಕೂ ಮೊದಲ ಕಾರಣನಾದ ದೇವರು.

"ಎಲ್ಲಕ್ಕೂ ಕಾರಣ ಬೇಕಂತೆ ಕಣೆ, ಆ ಕಾರಣಕ್ಕೆ ಮಾತ್ರ ಬೇಡವಂತೆ. ಥೇಟ್ ನಮ್ಮ ಡಿಪೋ ಮ್ಯಾನೇಜರನ ನ್ಯಾಯ!"

"ನಿಮ್ಮ ಅಭಿಪ್ರಾಯ ಯಾರಿಗ್ರೀ ಬೇಕು? ಬರೆದದ್ದನ್ನ ಓದಿ."

ಕಥೆಗಳಲ್ಲಿ ಬರುವ ದೇವರ ಅಧ್ಯಾಯ ಬಂತು. ಅದರಲ್ಲಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ದೇವರನ್ನು ಬಾಯಿಗೆ ಬಂದಂತೆ ಬಯ್ಯುತ್ತಾಳೆ. ದೇವರು ಉತ್ತರ ಕೊಡುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಇವರು ಓದುವುದನ್ನು ನಿಲ್ಲಿಸಿ ಮುಖ ತೊಳೆಯಲು ಹೋದರು. ನಮಗೂ ಒಬ್ಬಳು ಮಗಳಿದ್ದಳು. ಅವಳು ತೀರಿಹೋದ ವರ್ಷವೇ ಇವರು ನಂಬುವುದನ್ನು ಬಿಟ್ಟದ್ದು. ಇರಲಿ, ಅದು ಈ ಸಭೆಗೆ ಬೇಡ.

ಇಲ್ಲಿನ ರೆಕಾರ್ಡಿಂಗ್ ಕೋಣೆಯ ಒಂದು ಪದ್ಧತಿ ನಿಮಗೆ ಗೊತ್ತಿರಲಿ. ಓದು ಶುರುವಾಗುವ ಮೊದಲು ಓದುವವರು ಒಂದು ನಿಮಿಷ ಮೈಕಿನ ಮುಂದೆ ಸುಮ್ಮನೆ ಕೂರಬೇಕು. ಆ ಮೌನವನ್ನೂ ಧ್ವನಿಮುದ್ರಣ ಮಾಡುತ್ತಾರೆ. ತಪ್ಪು ಓದಿದ ಕಡೆ ಕತ್ತರಿಸಿದರೆ, ಆ ಜಾಗಕ್ಕೆ ಇದೇ ಮೌನದ ತೇಪೆ ಹಾಕುತ್ತಾರೆ. ಬಟ್ಟೆಗೆ ಅದೇ ಥಾನಿನ ತುಂಡು ಬೇಕಲ್ಲ, ಹಾಗೆ. ಯಾಕೆಂದರೆ ಪ್ರತಿ ಕೋಣೆಗೂ ಅದರದೇ ಮೌನ. ಅದರಲ್ಲಿ ಒಬ್ಬರು ಬಂದು ಕೂತರೆ ಆ ಮೌನವೂ ಬೇರೆಯಾಗುತ್ತದಂತೆ. ಒಮ್ಮೆ ನಮ್ಮವರು ನನ್ನ ಮೇಲೆ ಮುನಿಸಿಕೊಂಡು ತಿಂಡಿ ತಿನ್ನದೆ ಬಂದಿದ್ದರು. ಮೌನದ ನಡುವೆ ಹೊಟ್ಟೆ ಗುರ್ ಎಂದಿತು. "ಸಾರ್, ತತ್ತ್ವಶಾಸ್ತ್ರ ಆಮೇಲೆ, ಮೊದಲು ಊಟ ಮಾಡ್ಕೊಂಡು ಬನ್ನಿ" ಎಂದರಂತೆ ಧ್ವನಿಮುದ್ರಣದವರು.

ಕೊನೆಯ ಅಧ್ಯಾಯ ಬಾಕಿ ಇತ್ತು. ಒಂದು ಭಾನುವಾರ ಎದೆ ಹಿಡಿದುಕೊಂಡು ನೀರು ಕೇಳಿದರು. ನಾನು ಲೋಟ ತುಂಬಿ ತರುವಷ್ಟರಲ್ಲಿ ಆಗಿಹೋಗಿತ್ತು.

ಆಮೇಲೆ ನನಗೆ ಪ್ರಾರ್ಥನೆ ಕೂಡಿಬರಲಿಲ್ಲ. ಕಣ್ಣು ಮುಚ್ಚಿದರೆ ಎದುರಿಗೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಜೊತೆಗೆ ಇನ್ನೊಂದು ಸುದ್ದಿ ಬಂತು. ಒಂದು ಪುಸ್ತಕಕ್ಕೆ ಒಂದೇ ದನಿ ಎಂಬುದು ಇಲ್ಲಿನ ನಿಯಮ, ಹಾಗಾಗಿ ಇನ್ನೊಬ್ಬರಿಂದ ಪೂರ್ತಿ ಮತ್ತೆ ಓದಿಸುತ್ತಾರೆ, ಇವರು ಓದಿದ್ದನ್ನು ಅಳಿಸುತ್ತಾರೆ ಎಂದು. ಮನುಷ್ಯ ಹೋದ, ಇನ್ನು ದನಿಯೂ ಹೋಗಬೇಕೇ? ಸಮಿತಿಯ ಮುಂದೆ ಬಂದು, ಉಳಿದದ್ದನ್ನು ನಾನು ಓದುತ್ತೇನೆ ಎಂದೆ. ನಡುವೆ ದನಿ ಬದಲಾದರೆ ಕೇಳುಗರಿಗೆ ಕಷ್ಟ ಎಂದರು ಕಾರ್ಯದರ್ಶಿಗಳು. ಅವರ ತಪ್ಪಿಲ್ಲ.

ಆಗ ಆ ಮೂಲೆಯಿಂದ ಒಬ್ಬರು ಮಾತಾಡಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು, ಹುಟ್ಟಿನಿಂದ ಕಣ್ಣಿಲ್ಲ, ನಾವೆಲ್ಲ ಆಪರೇಟರ್ ಮಾವ ಅನ್ನುತ್ತೇವೆ. "ಅಲ್ರಯ್ಯಾ, ದೇವರ ಬಗ್ಗೆ ಈವರೆಗೆ ಎಷ್ಟು ಕೋಟಿ ಜನ ಮಾತಾಡಿಲ್ಲ? ಎರಡು ದನಿಗೇ ಹೆದರಿದರೆ ಹೇಗೆ? ಓದಲಿ ಬಿಡ್ರಿ ಆ ತಾಯಿ."

ಓದಿದೆ. ತಡವರಿಸಿದೆ, ಮತ್ತೆ ಓದಿದೆ. ದೇವರ ಬಗ್ಗೆ ಆಡಿದ ಪ್ರತಿಯೊಂದು ಮಾತನ್ನೂ ಇದಲ್ಲ, ಇದೂ ಅಲ್ಲ ಎಂದು ಬದಿಗಿಡುತ್ತ ಹೋಗುವ ಅಧ್ಯಾಯ ಅದು. ಕೊನೆಯ ವಾಕ್ಯದ ನಂತರ ಸ್ವಲ್ಪ ಮೌನ ಜೋಡಿಸುವುದು ರೂಢಿ. "ಅಲ್ಲಿ ನಮ್ಮವರ ಮೌನ ಹಾಕ್ತೀರಾ?" ಎಂದು ಕೇಳಿದೆ.

ಧ್ವನಿಮುದ್ರಣದವರು ಇವರ ಹಳೆಯ ಮುದ್ರಣ ಹುಡುಕಿ ತೆಗೆದರು. "ಹಾಕೋಣ ಅಕ್ಕ. ಯಾರಿಗೂ ಗೊತ್ತಾಗಲ್ಲ" ಎಂದರು.

ಹೋದ ವಾರ ಪರೀಕ್ಷೆಗೆಂದು ಆಪರೇಟರ್ ಮಾವನಿಗೆ ಕೊನೆಯ ಅಧ್ಯಾಯ ಕೇಳಿಸಿದರು. ಮೌನದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಮುಗಿದ ಮೇಲೂ ಅವರು ತಲೆ ಓರೆ ಮಾಡಿಕೊಂಡು ಕೂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಅಮ್ಮಾ, ಕೊನೆಗೆ ನೀನು ಎದ್ದು ಹೋದೆಯಲ್ಲ, ನಿನ್ನ ಜಾಗದಲ್ಲಿ ಬಂದು ಕೂತವರು ಯಾರು?"

ಸಭಿಕರೇ, ಇದನ್ನು ನಾನು ದೇವರಿಗೆ ಸಾಕ್ಷಿ ಎಂದು ಹೇಳುತ್ತಿಲ್ಲ. ನಮ್ಮವರು ಇದ್ದಿದ್ದರೆ, ಮೈಕಿಗೆ ಸಿಕ್ಕಿದ್ದು ಕಿವಿಗೆ ಕೇಳಿತು ಅಷ್ಟೇ ಕಣೆ, ಎನ್ನುತ್ತಿದ್ದರು. ಇರಬಹುದು. ಆದರೆ ಒಂದೂ ಮಾತಾಡದೆ ಕೂತ ಮನುಷ್ಯನನ್ನು ಇಂಥ ಕಿವಿ ಕಂಡುಹಿಡಿಯುವುದಾದರೆ, ನನಗೆ ಏನೂ ಕೇಳಿಸಲಿಲ್ಲ ಎಂಬ ಕಾರಣಕ್ಕೆ ಅಲ್ಲಿ ಯಾರೂ ಇಲ್ಲ ಎಂದು ನಾನು ಹೇಗೆ ಹೇಳಲಿ? ಈಗ ಮತ್ತೆ ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತೇನೆ. ಏನನ್ನೂ ಕೇಳಿಕೊಳ್ಳುವುದಿಲ್ಲ. ಸುಮ್ಮನೆ ಕೂರುತ್ತೇನೆ.

ಎರಡು ದನಿಗೆ ಜಾಗ ಕೊಟ್ಟ ಸಮಿತಿಗೆ, ಆಪರೇಟರ್ ಮಾವನಿಗೆ, ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆ ನಾನು ಋಣಿ. ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರ. ನಾಳೆ ಹತ್ತು ಗಂಟೆಗೆ ಅದೇ ಕೋಣೆಯಲ್ಲಿ ತರಕಾರಿ ಬೆಳೆಯುವುದರ ಬಗೆಗಿನ ಪುಸ್ತಕ ಓದಲು ಶುರು ಮಾಡುತ್ತೇನೆ. ತಿಂಡಿ ತಿಂದು ಹೋಗಬೇಕು.