ಮೂವತ್ತೇಳನೆಯ ಮೊಳೆ

ಸಭೆಯ ಅಧ್ಯಕ್ಷರೂ ನಿವೃತ್ತ ಮುಖ್ಯೋಪಾಧ್ಯಾಯರೂ ಆದ ಶ್ರೀ ಕುಮಾರಸ್ವಾಮಿಯವರೇ, ಇಂದಿನ ಸನ್ಮಾನಿತರೂ ಈ ಗೋಡೆಗಳ ಮೇಲಿರುವ ಎಲ್ಲ ಚಿತ್ರಗಳನ್ನು ತೆಗೆದವರೂ ಆದ ಶ್ರೀಮತಿ ಉಷಾರಾಣಿಯವರೇ, ನಮ್ಮ ಮೂರೂರು ಛಾಯಾ ಬಳಗದ ಕಾರ್ಯದರ್ಶಿ ಚೇತನ್‌ಕುಮಾರ್ ಅವರೇ, ನಮ್ಮ ಅರಸೀಕೆರೆಯ ಹಾಗೂ ಬೇಲೂರು, ಹಳೇಬೀಡಿನಿಂದ ಬಂದಿರುವ ಬಳಗದ ಗೆಳೆಯರೇ, ಮತ್ತು ಸಭಿಕರೇ.

ಸಭಿಕರೇ ಎನ್ನುವಾಗ ಇವತ್ತು ನನಗೆ ಸ್ವಲ್ಪ ಗೊಂದಲವಾಗುತ್ತಿದೆ. ಪ್ರದರ್ಶನವೆಂದರೆ ಚಿತ್ರದಲ್ಲಿರುವವರು ಗೋಡೆಯ ಮೇಲೆ, ನೋಡುವವರು ಕುರ್ಚಿಯ ಮೇಲೆ. ಇವತ್ತು ಗೋಡೆಯ ಮೇಲಿರುವವರೇ ಕುರ್ಚಿಯ ಮೇಲೂ ಇದ್ದೀರಿ. ಲೈನ್‌ಮನ್ ಧರ್ಮೇಶ್ ಅವರು ತಮ್ಮ ಚಿತ್ರದ ಕೆಳಗೇ ಕುಳಿತಿದ್ದಾರೆ. ಬೇಲೂರಿನಿಂದ ರುಕ್ಮಿಣಮ್ಮನವರು ಬೆಳಗಿನ ಗುಡಿಸುವ ಕೆಲಸ ಮುಗಿಸಿ ಬಸ್ಸು ಹಿಡಿದು ಬಂದಿದ್ದಾರೆ. ಮೂರನೆಯ ಸಾಲಿನಲ್ಲಿ ನಮ್ಮ ಕೊಬ್ಬರಿ ಮಂಡಿಯ ನಂಜಪ್ಪನವರಿದ್ದಾರೆ. ನಾನು ವೇದಿಕೆ ಹತ್ತುವಾಗ ಅವರು ಎದ್ದು ನಿಂತರು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಭಿನಂದನಾ ಭಾಷಣ ನಾನೇ ಮಾಡಬೇಕೆಂದು ಚೇತನ್ ಹೇಳಿದಾಗ, ಯಾಕೆ ನಾನೇ ಎಂದು ಕೇಳಿದೆ. "ನೀವು ಹನ್ನೆರಡು ವರ್ಷದಿಂದ ಇದೇ ವಿಷಯ ತೆಗೀತಿದ್ದೀರಲ್ಲ ಮೇಡಂ, ನಿಮಗಿಂತ ಯಾರಿಗೆ ಗೊತ್ತು?" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ಮಾತನ್ನು ನಾನು ಒಂದು ವಾರ ಹೊತ್ತುಕೊಂಡು ತಿರುಗಿದ್ದೇನೆ.

ಹೌದು, ಹನ್ನೆರಡು ವರ್ಷ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು, ನನ್ನ ಕನ್ನಡ ಬರೆದುಕೊಂಡು ಬಂದರೆ ಮಾತ್ರ ನೆಟ್ಟಗೆ ನಡೆಯುತ್ತದೆ. ಅದಕ್ಕೇ ಕೈಯಲ್ಲಿ ಈ ಹಾಳೆ. ಆದರೆ ಕ್ಯಾಮೆರಾಕ್ಕೆ ಇಂಗ್ಲಿಷ್ ಮಾಧ್ಯಮ, ಕನ್ನಡ ಮಾಧ್ಯಮ ಎಂಬುದಿಲ್ಲ ಎಂದುಕೊಂಡಿದ್ದೆ. ದುಡಿಯುವವರನ್ನು ದುಡಿಯುತ್ತಿರುವಾಗಲೇ ಹಿಡಿಯಬೇಕು ಎಂಬುದು ನನ್ನ ಆಸೆ. ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವ ರೈಲ್ವೆಯವರು, ನಸುಕಿನಲ್ಲಿ ನಲ್ಲಿ ನೀರು ತಿರುಗಿಸುವವರು, ಕೊಬ್ಬರಿ ಸುಲಿಯುವವರು. ನಾಲ್ಕು ಸಾವಿರ ಚಿತ್ರ ತೆಗೆದಿದ್ದೇನೆ. ಮೈಸೂರಿನಲ್ಲಿ ಒಂದು ಬಹುಮಾನವೂ ಬಂತು. ಪ್ರಶಸ್ತಿಪತ್ರದಲ್ಲಿ 'ಶ್ರಮಜೀವಿಗಳ ಘನತೆ' ಎಂದು ಬರೆದಿದ್ದರು. ಅದು ನಮ್ಮ ಹಜಾರದಲ್ಲಿದೆ.

ನಮ್ಮ ಬಳಗ ವರ್ಷಕ್ಕೆ ಒಬ್ಬರದೇ ಪ್ರದರ್ಶನ ಮಾಡುತ್ತದೆ. ಈ ವರ್ಷದ್ದು ನನ್ನದು ಎಂದು ನಾನು ತಿಳಿದಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ತಿಳಿದಿದ್ದೆ. ನಲವತ್ತು ಚಿತ್ರ ಆರಿಸಿ, ಒಂದು ಡಬ್ಬಿಯಲ್ಲಿ ಹಾಕಿಟ್ಟು, ಮೇಲೆ ಹೆಸರನ್ನೂ ಬರೆದಿದ್ದೆ. ಇರಲಿ. ಇದು ಅಭಿನಂದನಾ ಭಾಷಣ.

ಉಷಾರಾಣಿಯವರ ವಿಷಯಕ್ಕೆ ಬರುತ್ತೇನೆ. ಅವರು ನಿಮಗೆಲ್ಲ ಗೊತ್ತು. ತಿಂಗಳ ಮೊದಲ ವಾರದಲ್ಲಿ ಮೀಟರ್ ಓದಲು ಬರುವವರು. ಅವರು ಬಾಗಿಲಿಗೆ ಬಂದರೆ ಸಂತೋಷಪಡುವ ಮನೆ ಈ ಪಟ್ಟಣದಲ್ಲಿಲ್ಲ, ಆದರೂ ಮಜ್ಜಿಗೆ ಕೊಡದೆ ಕಳಿಸುವ ಮನೆಯೂ ಇಲ್ಲ. "ಏನ್ ಕರೆಂಟಮ್ಮ, ಈ ಸಲನಾದ್ರೂ ಮೀಟ್ರು ಸ್ವಲ್ಪ ಮೆಲ್ಲಗೆ ತಿರುಗೈತಾ?" ಎಂದು ಕೇಳುತ್ತಾರೆ. "ನಾನ್ ತಿರುಗಿದಷ್ಟು ನಿಮ್ಮ ಮೀಟ್ರು ತಿರುಗಿಲ್ಲ ಕಣಣ್ಣ," ಎನ್ನುತ್ತಾರೆ ಇವರು. ಹೀಗೆ ತಿರುಗುತ್ತಾ, ಮೀಟರಿನ ಚಿತ್ರ ತೆಗೆಯುವ ಅದೇ ಫೋನಿನಲ್ಲಿ ಮೂರು ವರ್ಷದಿಂದ ದಾರಿಯಲ್ಲಿ ಕಂಡ ಕೆಲಸಗಾರರ ಚಿತ್ರ ತೆಗೆದಿದ್ದಾರೆ. ರಜೆಯ ದಿನ ಬೇಲೂರು, ಹಳೇಬೀಡಿನ ಕಡೆಗೂ ಹೋಗಿದ್ದಾರೆ.

ಒಂದು ದಿನ ನಮ್ಮ ಮನೆಯ ಮೀಟರ್ ಓದಿ, "ಮೇಡಂ, ಫೋಟೊ ಎಲ್ಲಿ ಪ್ರಿಂಟ್ ಹಾಕಿಸ್ತೀರಿ?" ಎಂದು ಕೇಳಿದರು. ಫೋನ್ ಕೈಗೆ ಕೊಟ್ಟರು. ಮೊದಲನೆಯದೇ ಧರ್ಮೇಶ್ ಅವರ ಚಿತ್ರ, ಅಲ್ಲಿ ನೋಡಿ. ಕಂಬದ ಮೇಲೆ, ತಲೆಗೆ ಟವೆಲು, ಕೈಯಲ್ಲಿ ಕಟಿಂಗ್ ಪ್ಲೇಯರ್, ಕೆಳಗೆ ನಿಂತ ಯಾರಿಗೋ ಬೈಯುತ್ತಾ ನಗುತ್ತಿದ್ದಾರೆ. ಆ ಚಿತ್ರ ನೋಡಿದಾಗ ನನಗೆ ಮೊದಲು ಆದದ್ದು ಸಂತೋಷವಲ್ಲ.

"ಚೆನ್ನಾಗಿದೆ," ಎಂದೆ. "ಆದರೆ ಸ್ವಲ್ಪ ವಾಲಿದೆ."

"ಕಂಬಾನೇ ವಾಲಿತ್ತು ಮೇಡಂ," ಎಂದರು.

ನೀವು ನಗುತ್ತೀರಿ. ನನಗೆ ಅವತ್ತು ನಗು ಬರಲಿಲ್ಲ. ಆ ದಿನ ನಾನು ಆ ಚಿತ್ರಗಳಲ್ಲಿ ತಪ್ಪು ಹುಡುಕಿದೆ. ಒಂದರ ಮೂಲೆಯಲ್ಲಿ ಅವರ ಬೆರಳೇ ಬಿದ್ದಿತ್ತು, ಎಷ್ಟು ಖುಷಿಯಾಯಿತು ನನಗೆ! ಹಳೇಬೀಡಿನಲ್ಲಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿನ ಪ್ರವಾಸಿಗರಿಗೆಂದು ಹಾಸಿದ ಚಾಪೆಗೆ ನೀರು ಹಾಕುತ್ತಿರುವ ಹೆಂಗಸಿನ ಚಿತ್ರ, ಎಡಗಡೆಯ ಗೋಡೆಯಲ್ಲಿದೆ. ಅವರ ಹಿಂದೆ ಲೋಕವೆಲ್ಲ ಬಂದು ನೋಡುವ ಶಿಲ್ಪಗಳು ಮಸುಕಾಗಿ ನಿಂತಿವೆ. ಇಪ್ಪತ್ತು ಸಲ ಅಲ್ಲಿಗೆ ಹೋಗಿದ್ದೇನೆ, ಆ ಚಾಪೆಯ ಮೇಲೆಯೇ ನಡೆದಿದ್ದೇನೆ. ಚಾಪೆ ಒದ್ದೆ ಏಕಿದೆ ಎಂದು ಒಮ್ಮೆಯಾದರೂ ಕೇಳಿಕೊಂಡೆನೇ?

ಉಷಾರಾಣಿಯವರು ಹೋದ ಮೇಲೆ ನನ್ನ ನಾಲ್ಕು ಸಾವಿರ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ಕೂತೆ. ಹೋಲಿಸಿ ನನ್ನದೇ ಮೇಲು ಎಂದು ಸಮಾಧಾನ ಮಾಡಿಕೊಳ್ಳುವುದಕ್ಕೆ. ಬೆಳಕು ನನ್ನದು ಚೆಂದ. ಚೌಕಟ್ಟು ನನ್ನದು ಚೆಂದ. ಒಂದು ಮುಖವನ್ನು ದೊಡ್ಡದು ಮಾಡಿದಾಗ ಹಣೆಯ ಮೇಲೆ ಅಡ್ಡಲಾಗಿ ಒಂದು ಗೆರೆ ಕಂಡಿತು. ಇನ್ನೊಂದು ಮುಖದಲ್ಲೂ ಅದೇ ಗೆರೆ. ಮತ್ತೊಂದರಲ್ಲೂ. ಅದು ಏನೆಂದು ತಿಳಿಯುವುದಕ್ಕೆ ಸುಮಾರು ಹೊತ್ತು ಬೇಕಾಯಿತು. ಟವೆಲಿನ ಗುರುತು. ಬಿಗಿಯಾಗಿ ಸುತ್ತಿದ್ದ ಟವೆಲನ್ನು ಈಗ ತಾನೇ ಬಿಚ್ಚಿದ ಗುರುತು. ಹನ್ನೆರಡು ವರ್ಷದ ನನ್ನ ಚಿತ್ರಗಳಲ್ಲಿ ಒಬ್ಬ ಗಂಡಸಿನ ತಲೆಯ ಮೇಲೂ ಟವೆಲಿಲ್ಲ. ಎಲ್ಲರ ಹೆಗಲ ಮೇಲಿದೆ, ಕಂಕುಳಲ್ಲಿದೆ, ಕೈಯಲ್ಲಿದೆ. ಯಾರೂ ಕೂತಿಲ್ಲ. ಯಾರೂ ಕೆಲಸ ಮಾಡುತ್ತಿಲ್ಲ.

ನಾನು ಮಂಡಿ ದೇವೀರಪ್ಪನವರ ಮಗಳು. ಚಿಕ್ಕವಳಿದ್ದಾಗ ರಜೆಗೆ ಬಂದರೆ ಅಪ್ಪನ ಕೈ ಹಿಡಿದು ಕೊಬ್ಬರಿ ಶೆಡ್ಡಿಗೆ ಹೋಗುತ್ತಿದ್ದೆ. ಬಾಗಿಲಲ್ಲಿ ನಾವು ಕಾಣಿಸಿಕೊಂಡರೆ ಸಾಕು, ಮಚ್ಚು ಕೆಳಗಿಟ್ಟು ಎಲ್ಲರೂ ಏಳುತ್ತಿದ್ದರು, ಗಂಡಸರು ತಲೆಯ ಟವೆಲು ಬಿಚ್ಚುತ್ತಿದ್ದರು, ಹೆಂಗಸರು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಕೊಬ್ಬರಿ ಸುಲಿಯುವ ಜಾಗ ನಿಶ್ಶಬ್ದವಾಗಿರುತ್ತದೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ನಮ್ಮ ಬೆನ್ನ ಹಿಂದೆ ಟಕ್ ಟಕ್ ಎಂದು ಮತ್ತೆ ಶುರುವಾಗುತ್ತಿದ್ದ ಸದ್ದು ಬೇರೆಲ್ಲಿಂದಲೋ ಬರುತ್ತಿದೆ ಎಂದುಕೊಳ್ಳುತ್ತಿದ್ದೆ.

ಮೈಸೂರಿನವರು ಘನತೆ ಎಂದು ಬರೆದದ್ದು ಇದಕ್ಕೆ.

ಆಮೇಲೆ ನಾನು ಮಾಡಿದ್ದನ್ನು ಹೇಳಿದರೆ ಮತ್ತೆ ನಗುತ್ತೀರಿ. ಹಳೆಯ ಚೂಡಿದಾರ ಹಾಕಿಕೊಂಡು, ಕಾರು ಬಿಟ್ಟು, ಬಸ್ಸಿನಲ್ಲಿ ಹಾರನಹಳ್ಳಿಗೆ ಹೋದೆ. ಕೈಯಲ್ಲಿ ಬರೀ ಫೋನು, ಉಷಾರಾಣಿಯವರ ಹಾಗೆಯೇ. ನಾಲ್ಕು ಜನ ನೀರಿನ ಪೈಪಿಗೆ ಗುಂಡಿ ತೋಡುತ್ತಿದ್ದರು. ಒಬ್ಬರು ತಲೆಯೆತ್ತಿ, "ಯಾರವ್ವ ನೀನು, ಅತ್ಲಾಗ್ ನಿಂತ್ಕೊ, ಮಣ್ಣು ಬೀಳ್ತೈತೆ," ಎಂದರು. ನನ್ನನ್ನು ಯಾರಾದರೂ ಹಾಗೆ ಗದರಿದ್ದು ಅದೇ ಮೊದಲು. ಕಿವಿಗೆ ತಂಪಾಯಿತು. ಫೋನ್ ಎತ್ತುವಷ್ಟರಲ್ಲಿ ಇನ್ನೊಬ್ಬರು, "ಲೇ, ಮಂಡಿ ದೇವೀರಪ್ನೋರ ಮಗಳು ಕಣ್ಲಾ! ಏಳ್ಲಾ ಮೇಲಕ್ಕೆ!" ಎಂದರು. ನಾಲ್ಕೂ ಜನ ಗುಂಡಿಯಿಂದ ಹತ್ತಿ ಬಂದರು. ನಾಲ್ಕೂ ಟವೆಲು ಕೆಳಗಿಳಿದವು. "ತಪ್ಪಾಯ್ತು ತಾಯಿ, ಗುರ್ತು ಸಿಗಲಿಲ್ಲ. ಈಗ ತೆಗೀರಿ," ಎಂದು ಸಾಲಾಗಿ ನಿಂತರು.

ತೆಗೆದೆ. ಏನು ಮಾಡಲಿ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ ಸರ್. ನಾಲ್ಕನೆಯ ಸಾಲಿನ ಖಾಲಿ ಮೊಳೆಯ ಬಗ್ಗೆ ಬೆಳಗಿನಿಂದ ಹಲವರು ಕೇಳಿದ್ದೀರಿ. ಪಟ್ಟಿಯಲ್ಲಿ ನಲವತ್ತು ಚಿತ್ರ, ಗೋಡೆಯ ಮೇಲೆ ಮೂವತ್ತೊಂಬತ್ತು. ಮೂವತ್ತೇಳನೆಯ ಚಿತ್ರದ ಗಾಜು ಒಡೆದಿದೆ ಎಂದು ನಾನು ಹೇಳಿದ್ದೇನೆ. ನಿಮಗೂ ಹೇಳಿದೆ, ಉಷಾರಾಣಿಯವರಿಗೂ ಹೇಳಿದೆ. "ಹೋಗ್ಲಿ ಬಿಡಿ ಮೇಡಂ, ನಿಮ್ಮ ಕೈಗೆ ಚುಚ್ಚಲಿಲ್ಲ ತಾನೆ?" ಎಂದು ಅವರು ನನ್ನ ಅಂಗೈ ತಿರುಗಿಸಿ ನೋಡಿದರು.

ಗಾಜು ಒಡೆದಿಲ್ಲ. ನಿನ್ನೆ ಹನ್ನೊಂದು ಗಂಟೆಗೆ ಚೌಕಟ್ಟುಗಳು ಬಂದಾಗ ಅದನ್ನು ನಾನೇ ತೆಗೆದು, ಹಳೆಯ ಹೊದಿಕೆಯಲ್ಲಿ ಸುತ್ತಿ, ನನ್ನ ಕಾರಿನ ಡಿಕ್ಕಿಯಲ್ಲಿಟ್ಟೆ. ಆಯ್ಕೆ ಸಮಿತಿಯಲ್ಲಿ ಆ ಚಿತ್ರದ ಮುಂದೆ 'ವಾಲಿದೆ' ಎಂದು ಬರೆದವಳೂ ನಾನೇ. ಉಳಿದ ಇಬ್ಬರು ಒಪ್ಪಲಿಲ್ಲ. ಅದಕ್ಕೇ ಈ ಕಳ್ಳತನ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಉಷಾರಾಣಿಯವರು ಪ್ರತಿ ಚಿತ್ರದ ಕೆಳಗೆ ತಮ್ಮದೇ ಮಾತಿನಲ್ಲಿ ಒಂದು ಸಾಲು ಬರೆದಿದ್ದಾರೆ, ನೋಡಿರುತ್ತೀರಿ. 'ರುಕ್ಮಿಣಮ್ಮ. ಟೂರಿಸ್ಟ್ ಬಸ್ ಬರೋದ್ರೊಳಗೆ ಮುಗಿಸ್ಬೇಕು.' ಮೂವತ್ತೇಳರ ಕೆಳಗೆ ಹೀಗಿದೆ: 'ಮಧುಶ್ರೀ ಮೇಡಂ. ಫೋಟೊ ತೆಗೀತಿದ್ದಾರೆ. ಇವರ ಕೆಲಸ ಮುಗೀಲಿ ಅಂತ ನಂಜಪ್ಪಣ್ಣ ಕಾಯ್ತಿದ್ದಾರೆ.'

ಮಧುಶ್ರೀ ನಾನು. ಜಾಗ ನಮ್ಮದೇ ಶೆಡ್ಡು. ನಂಜಪ್ಪನವರೂ ಇನ್ನು ಮೂವರೂ ಬರಿತಲೆಯಲ್ಲಿ ನೆಟ್ಟಗೆ ನಿಂತಿದ್ದಾರೆ, ಮಚ್ಚುಗಳು ಕಾಲ ಹತ್ತಿರ ಬಿದ್ದಿವೆ. ಅವರ ಮುಂದೆ ಚಿಪ್ಪಿನ ರಾಶಿಯ ನಡುವೆ ಒಬ್ಬ ಹೆಂಗಸು ಮಂಡಿಯೂರಿದ್ದಾಳೆ. ದೂಳಿಗೆ ವೇಲನ್ನು ತಲೆಗೆ ಸುತ್ತಿಕೊಂಡಿದ್ದಾಳೆ. ಬೆವರಿಗೆ ಚೂಡಿದಾರ ಬೆನ್ನಿಗೆ ಅಂಟಿಕೊಂಡಿದೆ, ತುಟಿ ಕಚ್ಚಿಕೊಂಡಿದ್ದಾಳೆ, ಒಂದು ಚಪ್ಪಲಿ ಎಲ್ಲೋ ಹೋಗಿದೆ. ಇಡೀ ಚಿತ್ರದಲ್ಲಿ ಕೆಲಸ ಮಾಡುತ್ತಿರುವವಳು ಅವಳೊಬ್ಬಳೇ. ನಾನು ಹನ್ನೆರಡು ವರ್ಷ ತೆಗೆಯಲು ಹೆಣಗಿದ ಚಿತ್ರ ಅದು. ಅದನ್ನು ಬೇರೆಯವರು ತೆಗೆದರು, ಅದರೊಳಗೆ ನಾನೇ ಇದ್ದೇನೆ. ಹೇಳಿ, ಹೊಟ್ಟೆ ಉರಿಯಬಾರದೇ?

ನನ್ನನ್ನು ನಗೆಪಾಟಲು ಮಾಡಲು ತೆಗೆದರೇ ಎಂದು ಮೊದಲು ಅನಿಸಿತು. ನಿನ್ನೆ ಡಿಕ್ಕಿ ಮುಚ್ಚುವ ಮುಂಚೆ ಇನ್ನೊಮ್ಮೆ ನೋಡಿದೆ. ನಗೆ ಅದರಲ್ಲಿಲ್ಲ. ಧರ್ಮೇಶ್ ಅವರನ್ನು, ರುಕ್ಮಿಣಮ್ಮನವರನ್ನು ಹೇಗೆ ನೋಡಿದ್ದಾರೋ ಹಾಗೆಯೇ ನನ್ನನ್ನೂ ನೋಡಿದ್ದಾರೆ. ಆಗ ಒಂದು ಪ್ರಶ್ನೆ ಬಂತು. ಅವತ್ತು ಅವರು ಶೆಡ್ಡಿಗೆ ಬಂದದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಗಿಲಲ್ಲಿ ನೆರಳು ಬಿದ್ದಿತ್ತು, "ಮೀಟ್ರು" ಎಂಬ ದನಿ ಕೇಳಿತ್ತು. ಮೀಟರಿನವರು ತಾನೆ ಎಂದು ನಾನು ತಲೆ ಎತ್ತಲಿಲ್ಲ. ಬೇರೆ ಯಾರಾದರೂ ಬಂದಿದ್ದರೆ ಎದ್ದು, ವೇಲು ಬಿಚ್ಚಿ, ಕೂದಲು ಸರಿ ಮಾಡಿಕೊಂಡು ಮಾತಾಡಿಸುತ್ತಿದ್ದೆ. ಇವರಿಗಾಗಿ ಏಳಬೇಕೆಂದು ನನಗೆ ಅನಿಸಲಿಲ್ಲ. ಅದಕ್ಕೇ ಅವರಿಗೆ ಆ ಚಿತ್ರ ಸಿಕ್ಕಿತು.

ಉಷಾರಾಣಿಯವರೇ, ನಿಮ್ಮ ಕ್ಷಮೆ ಕೇಳುತ್ತೇನೆ. ಹೊಟ್ಟೆಕಿಚ್ಚು ಇವತ್ತಿಗೆ ಹೋಗಿದೆ ಎಂದು ಹೇಳಲಾರೆ, ಅದು ಸುಳ್ಳಾಗುತ್ತದೆ. ಈಗಲೂ ಈ ಮೈಕಿನ ಹಿಂದೆ ನಿಂತು, ನಿಮ್ಮ ಚಿತ್ರಗಳ ಮುಂದೆ ಎಷ್ಟು ಜನ ನಿಂತಿದ್ದಾರೆಂದು ಎಣಿಸುತ್ತಿದ್ದೇನೆ.

ಚೇತನ್, ಇಗೋ ಕಾರಿನ ಕೀ. ಬಿಳಿ ಕಾರು, ಗೇಟಿನ ಎಡಕ್ಕಿದೆ. ಹೊದಿಕೆ ಅಲ್ಲೇ ಬಿಟ್ಟು ಚಿತ್ರ ತನ್ನಿ. ಮೊಳೆ ಗಟ್ಟಿಯಾಗಿದೆ, ನಿನ್ನೆ ನಾನು ಅಲ್ಲಾಡಿಸಿ ನೋಡಿದ್ದೇನೆ. ಸ್ವಲ್ಪ ವಾಲಿದರೆ ವಾಲಲಿ.

ಈ ಮೆಟ್ಟಿಲಿಳಿದು ಹೋಗುವ ದಾರಿ ನಂಜಪ್ಪನವರ ಸಾಲಿನ ಪಕ್ಕದಲ್ಲೇ ಇದೆ. ನಾನು ಹೋಗುವಾಗ ಅವರು ಏಳುತ್ತಾರೆ. ಕೂತ್ಕೊಳ್ಳಿ ನಂಜಪ್ಪನವರೇ ಎಂದರೆ ಇನ್ನೂ ನೆಟ್ಟಗೆ ನಿಲ್ಲುತ್ತಾರೆ, ನನಗೆ ಗೊತ್ತು. ಆದ್ದರಿಂದ ಇವತ್ತು ಚಿತ್ರ ಬಂದು ಗೋಡೆಯ ಮೇಲೆ ಕೂರುವ ತನಕ ನಾನು ಇಲ್ಲೇ ನಿಂತಿರುತ್ತೇನೆ. ಅವರು ನನಗಾಗಿ ಬಹಳ ವರ್ಷ ನಿಂತಿದ್ದಾರೆ.

ಇಷ್ಟು ಹೊತ್ತು ಕೇಳಿದ ನಿಮಗೂ, ಮಾತಾಡಲು ಬಿಟ್ಟ ಅಧ್ಯಕ್ಷರಿಗೂ, ನನ್ನ ಅಂಗೈ ತಿರುಗಿಸಿ ನೋಡಿದ ಉಷಾರಾಣಿಯವರಿಗೂ ಋಣಿಯಾಗಿದ್ದೇನೆ. ಎಲ್ಲರಿಗೂ ನಮಸ್ಕಾರ.