ಕೋವಿ ಮಾಡಿಸಿದವನ ಬಲಗಣ್ಣು

ಘಟ್ಟದ ಮೇಲೆ ಒಂದೂರು, ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ, ನಿಮ್ಮ ನೆಂಟನೇ ಆಗಿಬಿಟ್ಟರೆ ನನಗೆ ಇವತ್ತು ಊಟ ಸಿಗುವುದಿಲ್ಲ. ತಾತನ ಕೋವಿಗೆ, ಹೆಗಲಿಗೆ ಆನಿಸುತ್ತಾರಲ್ಲ, ಆ ಮರದ ಹಿಡಿಯನ್ನು ತನ್ನ ಮೈಗೆ ಒಪ್ಪುವಂತೆ ಹೊಸದಾಗಿ ಮಾಡಿಸಬೇಕು, ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಗೆಲ್ಲಬೇಕು ಎಂದು ಅವನ ಆಸೆ.

ಕೋವಿ ಕೆಲಸದವನ ಹತ್ತಿರ ಹೋದ. ಮರದ ತುಂಡು ಕೆತ್ತುವುದು ಏನು ಮಹಾ ಅನ್ನುತ್ತೀರಾ? ನೋಡಿ, ದರ್ಜಿ ಅಂಗಿಗೆ ತೆಗೆದ ಹಾಗೆ ಕತ್ತು, ಹೆಗಲು, ಕೆನ್ನೆ ಎಲ್ಲದರ ಅಳತೆ ತೆಗೆಯಬೇಕು. ಚೆನ್ನಾಗಿ ಒಣಗಿದ ಬೀಟೆ ಮರ ಬೇಕು. ಕೋವಿಯ ಕಬ್ಬಿಣ ಮರದೊಳಗೆ ಬಿಗಿಯಾಗಿ ಕೂರಲು ಅದಕ್ಕೆ ಮಸಿ ಹಚ್ಚಿ ಮರಕ್ಕೆ ಒತ್ತಿ, ಮಸಿ ಅಂಟಿದಲ್ಲಿ ಕೂದಲೆಳೆಯಷ್ಟು ಕೆತ್ತಿ, ಮತ್ತೆ ಒತ್ತಿ, ಮತ್ತೆ ಕೆತ್ತಬೇಕು. ಆಮೇಲೆ ಎಣ್ಣೆ ಹಚ್ಚಿ ಉಜ್ಜುವುದೇ ಉಜ್ಜುವುದು. ತಿಂಗಳುಗಟ್ಟಲೆ ಕೆಲಸ. ಆ ದುಡ್ಡಿಗೆ ಹೊಸ ಕೋವಿಯೇ ಬರುತ್ತಿತ್ತು. ಸಾಹುಕಾರ ಚೌಕಾಸಿ ಮಾಡದೆ ಒಪ್ಪಿದ.

ಯಾವ ಕಣ್ಣಲ್ಲಿ ಗುರಿ ನೋಡುತ್ತೀರಿ ಎಂದು ಕೆಲಸದವನು ಕೇಳಿದ. ಬಲಗಣ್ಣು ಎಂದ ಸಾಹುಕಾರ. ಆ ಬಲಗಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು! ಹೆಂಡತಿಯೊಬ್ಬಳಿಗೇ ಗೊತ್ತು. ಹೇಳಿದ್ದರೆ ಎಡಗಣ್ಣಿಗೆ ಕೂರುವಂತೆ ಕೆತ್ತಿಕೊಡುತ್ತಿದ್ದ. ಬೇಟೆಗಾರರ ಮನೆತನ ನೋಡಿ, ಹೇಳಿಕೊಳ್ಳಲು ನಾಚಿಕೆ.

ಕೋವಿ ಬಂತು, ಗುರಿ ತಪ್ಪಿತು. ಹಿಡಿ ಸರಿಯಿಲ್ಲ ಎಂದ. ಪಾಪ, ಕೆಲಸದವನು ಕೂಲಿ ಕೇಳದೆ ಹೊಸ ಮರ ತಂದು ಮತ್ತೆ ಕೆತ್ತಿದ. ಮತ್ತೆ ತಪ್ಪಿತು. ಮತ್ತೆ ಕೆತ್ತಿದ. ಹಬ್ಬದ ದಿನ ಊರೆದುರಿಗೆ ಗುಂಡು ಕಾಯಿಯನ್ನು ಬಿಟ್ಟು ಎತ್ತಲೋ ಹೋಯಿತು. ಕೈ ಕೆಟ್ಟವನ ಹತ್ತಿರ ಮಾಡಿಸಿದೆನಲ್ಲ ಎಂದು ಸಾಹುಕಾರ ಎಲ್ಲರಿಗೂ ಕೇಳುವಂತೆ ಬೈದ. ಅಬ್ಬಾ! ತನ್ನ ಕಣ್ಣಿನದೇ ತಪ್ಪೆಂದು ಗೊತ್ತಿದ್ದೂ! ಅದೆಂಥ ಎದೆ ಇರಬೇಕು, ನೀವೇ ಹೇಳಿ.

ಹೆಂಡತಿ ಬಿಡಲಿಲ್ಲ. ನಿಜ ಹೇಳಿ ಬರುವ ತನಕ ಮಾತಾಡುವುದಿಲ್ಲ ಎಂದು ಮುಖ ತಿರುಗಿಸಿದಳು. ಕೆಲವು ದಿನ ತಡೆದು ಕೊನೆಗೆ ಹೊರಟ. ಹೋಗಿ ನೋಡಿದರೆ ಅಂಗಡಿ ಖಾಲಿ. ಉಳಿ ಇಲ್ಲ, ಅರ ಇಲ್ಲ. ಕೆಲಸದವನು ಜಗಲಿಯಲ್ಲಿ ಸುಮ್ಮನೆ ಕೂತಿದ್ದಾನೆ.

"ಎಲ್ಲಾ ಗುಜರಿಗೆ ಹಾಕ್ದೆ ಧಣಿ. ನನ್ನ ಕೈ ಹೋಯ್ತು. ಇನ್ನೊಬ್ಬರ ಕೋವಿ ಮುಟ್ಟೋದು ಪಾಪ."

ಇದನ್ನು ಹೇಳುವಾಗ ಈಗಲೂ ನನ್ನ ಮೈ ಜುಂ ಎನ್ನುತ್ತದೆ. ಸಾಹುಕಾರ ಅವನ ಪಕ್ಕದಲ್ಲೇ ಕೂತು ಎಲ್ಲ ಒಪ್ಪಿಕೊಂಡ. ಮತ್ತೆ ಮತ್ತೆ ಕೆತ್ತಿದ್ದಕ್ಕೆ ಅಷ್ಟೂ ಕೂಲಿ ಕೊಟ್ಟ, ಹೊಸ ಉಳಿ ತರಿಸಿದ. ಕೆಲಸದವನು ಉಳಿಯನ್ನು ಮರಕ್ಕಿಟ್ಟ, ಒಂದೇಟೂ ಹಾಕದೆ ಕೆಳಗಿಟ್ಟ. ಮರದ ಬೆಲೆ ಕೊಡಬಹುದು, ಕೂಲಿ ಕೊಡಬಹುದು. ಅವನಿಗೆ ತನ್ನ ಕೈ ಮೇಲಿದ್ದ ನಂಬಿಕೆಯನ್ನು ಯಾವ ಅಂಗಡಿಯಿಂದ ತರುತ್ತೀರಿ?

ಮನಸ್ಸಿನಲ್ಲೇ ಸಾಹುಕಾರನನ್ನು ಬೈಯುತ್ತಿದ್ದೀರಲ್ಲವೇ? ತಾಳಿ. ನಿಮಗೆ ಕಿವಿ ಮಂದ, ಸೊಸೆ ಗೊಣಗುತ್ತಾಳೆ ಅನ್ನುತ್ತೀರಿ. ಮಾತ್ರೆ ನುಂಗಿರುವುದಿಲ್ಲ, ಡಾಕ್ಟರ ಕೈಗುಣ ಸರಿಯಿಲ್ಲ ಅನ್ನುತ್ತೀರಿ. ಜ್ವರದಿಂದ ನಾಲಿಗೆ ಕೆಟ್ಟಿದೆ, ಸಾರಿಗೆ ರುಚಿಯಿಲ್ಲ ಅನ್ನುತ್ತೀರಿ. ಸಾರು ಮಾಡಿದ ಹೆಣ್ಣುಮಗಳು ತನಗೆ ಅಡುಗೆಯೇ ಬರುವುದಿಲ್ಲವೇನೋ ಎಂದು ಒಲೆ ಮುಂದೆ ಕಣ್ಣೊರೆಸಿಕೊಳ್ಳುತ್ತಾಳೆ. ನೋಡಿದ್ದೀರಾ ಅದನ್ನು? ಅಗೋ, ಕಂಬಕ್ಕೊರಗಿ ಕಥೆ ಕೇಳುತ್ತಿದ್ದ ಯಜಮಾನರು ತಲೆ ತಗ್ಗಿಸಿದರು.

ಇವತ್ತು ಮನೆಗೆ ಹೋಗಿ ಎಲೆಯ ಮುಂದೆ ಕೂತ ಕೂಡಲೇ, ತುತ್ತು ಎತ್ತುವ ಮೊದಲು ಹೇಳಿ, "ಅವತ್ತಿನ ಸಾರು ಚೆನ್ನಾಗೇ ಇತ್ತು ಕಣಮ್ಮಾ, ಕೆಟ್ಟಿದ್ದು ನನ್ನ ನಾಲಿಗೆ." ಅವಳ ಕೈಯಲ್ಲಿ ಇನ್ನೂ ಸೌಟು ಇದೆ. ಇರುವಾಗಲೇ ಹೇಳಿಬಿಡಿ.