ಗುಬ್ಬಿಯ ಮುಖಕ್ಕೊಂದು ಪರದೆ

ಇದು ಅವರಿವರು ಹೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗಳ ಮನೆಯಲ್ಲಿ ನಡೆದದ್ದು, ನಾನೂ ಅಲ್ಲೇ ಇದ್ದೆ. ನಗುವವರು ಈಗಲೇ ನಕ್ಕುಬಿಡಿ… ನಡುವೆ ಬಾಯಿ ಹಾಕಬೇಡಿ.

ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಬಟ್ಟೆಯ ಸುರುಳಿ ಹೊತ್ತುಕೊಂಡು ನಾನೂ ಅಕ್ಕನೂ ಮನೆಗೆ ಹೊರಟೆವು. ಹಾಳುಬಾವಿ ಪಕ್ಕದ ದಾರಿ. ಬೀದಿದೀಪ ಇರಲಿಲ್ಲ. ಅಕ್ಕನ ಚಪ್ಪಲಿ ಚಟ್… ಚಟ್… ನನ್ನ ಬೂಟು ಸರಕ್, ಸರಕ್. ಬಾವಿ ದಾಟಿದ್ದೇ ಮೂರನೆಯ ಸದ್ದೊಂದು ಸೇರಿಕೊಂಡಿತು. ಪಚ್… ಪಚ್… ಒದ್ದೆ ಕಾಲು ಕಲ್ಲಿನ ಮೇಲೆ ಇಟ್ಟ ಹಾಗೆ.

"ಪರದೆ," ಅಂದಳು ಅಕ್ಕ, ಮೆಲ್ಲಗೆ.

ಸ್ವಲ್ಪ ನಡೆದ ಮೇಲೆ, "ನಂಗೇ."

ಮತ್ತೆ, "ಮಗಳ ಮುಖ ನೋಡೋಕೆ. ಏನೀಗ?"

ನಾನು ಬಾಯಿಯೇ ಬಿಟ್ಟಿರಲಿಲ್ಲ. "ಯಾರ ಹತ್ರ ಮಾತಾಡ್ತಿದೀಯಕ್ಕಾ?" ಅಂದೆ.

"ನೀನೇ ಕೇಳ್ತಿದೀಯಲ್ಲೋ."

"ನಾನೇನೂ ಕೇಳ್ಲಿಲ್ಲ…"

ಅಕ್ಕ ಸುರುಳಿಯನ್ನು ಹೆಗಲಿಗೆ ಒತ್ತಿ ಹಿಡಿದಳು. "ಹಾಗಾದ್ರೆ ತಿರುಗಿ ನೋಡ್ಬೇಡ. ನಡಿ."

ಅಕ್ಕ ಕಿಟಕಿ ಪರದೆ ಹೊಲಿಯುವವಳು. ಅವಳ ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂದಿತ್ತು. ಮೊದಲು ಸೂಜಿಯ ಕಣ್ಣು ಹೋಯಿತು, ಆಮೇಲೆ ಎದುರಿಗೇ ನಿಂತ ಮಗಳು ಗುಬ್ಬಿಯ ಮುಖವೂ ಹೋಯಿತು. ತುಂಬ ದೊಡ್ಡದಾಗಿದ್ದರೆ ಮಾತ್ರ ಕಾಣುತ್ತಿತ್ತು. ಅದೂ ಎಷ್ಟು ದಿನವೋ, ಡಾಕ್ಟರು ಬಾಯಿಬಿಡಲಿಲ್ಲ. ಭಾವ ಎಲೆಕ್ಟ್ರಿಷಿಯನ್. ಯಾವುದೋ ಆಫೀಸಿನವರು ಮೂಲೆಗೆಸೆದಿದ್ದ ಪ್ರೊಜೆಕ್ಟರ್ ತಂದು ರಿಪೇರಿ ಮಾಡಿದ್ದರು. ಫೋನಿನಲ್ಲಿ ತೆಗೆದ ಗುಬ್ಬಿಯ ವಿಡಿಯೊ ಗೋಡೆ ಮೇಲೆ ಬಿಟ್ಟರೆ, ಗಾರೆಯ ಉಬ್ಬುತಗ್ಗೆಲ್ಲ ಮಗುವಿನ ಕೆನ್ನೆ ಮೇಲೆ!

"ಮುಂದಿನ ವರ್ಷ ಒಳ್ಳೇ ಸ್ಕ್ರೀನ್ ತಗೊಳ್ಳೋಣ," ಅಂದರು ಭಾವ.

"ಮುಂದಿನ ವರ್ಷ ನೀವೊಬ್ರೇ ನೋಡ್ಕೊಂಡು ಕೂತಿರಿ," ಅಂದಳು ಅಕ್ಕ.

ಅವತ್ತು ಸಂಜೆ ಮೊದಲು ಹೋದ ಪ್ರೊಜೆಕ್ಟರ್ ಅಂಗಡಿಯಲ್ಲಿ ಬಟನ್ ಒತ್ತಿದರೆ ಇಳಿಯುವ ಸ್ಕ್ರೀನ್ ಇತ್ತು. "ಸ್ಕ್ರೀನ್ ಇಳಿಯುತ್ತೆ ಸರಿ, ರೇಟು ಇಳಿಯಲ್ವಾ?" ಅಂತ ಕೇಳಿ ಅಂಗಡಿಯವನ ಮುಖ ಸಣ್ಣಗೆ ಮಾಡಿದಳು. ಕೈಯಲ್ಲಿ ಎಳೆಯುವ ಅಗ್ಗದ್ದರ ಅಂಚು ಆಗಲೇ ಸುರುಳಿಗೊಂಡಿತ್ತು. "ನನ್ನ ಮಗಳು ಸೊಟ್ಟಮೂತಿ ಅಲ್ಲಪ್ಪ." ಮಿರುಗುವ ಬಟ್ಟೆ ಕಣ್ಣಿಗೆ ಚುಚ್ಚಿತು. ತೆಳ್ಳನೆಯದರಲ್ಲಿ ಬೆಳಕೆಲ್ಲ ಆಚೆ ಹೋಗುತ್ತಿತ್ತು. ಕೊನೆಗೆ ಪಕ್ಕದ ಬಟ್ಟೆ ಅಂಗಡಿಗೆ ಹೋಗಿ, ಬಿಸಿಲು ತಡೆಯಲು ಕಿಟಕಿ ಪರದೆಗೆ ಒಳಗಿಂದ ಕೊಡುವ ದಪ್ಪ ಬಿಳಿ ಲೈನಿಂಗ್ ಕೇಳಿದಳು. ಹಿಂದಿನಿಂದ ಟಾರ್ಚ್ ಹಿಡಿಸಿದಳು. ಚುಕ್ಕಿ ಬೆಳಕೂ ಈಚೆ ಬರಲಿಲ್ಲ. ಅದೇ ನಮ್ಮ ಹೆಗಲ ಮೇಲಿದ್ದ ಸುರುಳಿ.

ಮನೆಗೆ ಬಂದವರೇ ಅಂಚು ಹೊಲಿದು, ಮೇಲೆ ಕೆಳಗೆ ಪೈಪು ತೂರಿಸಿ, ಬಿಗಿಯಾಗಿ ಎಳೆದು ಕಟ್ಟಿದೆವು. ಒಂದು ಸುಕ್ಕಿಲ್ಲ. ಗುಬ್ಬಿ ಒಳಗೆ ಮಲಗಿದ್ದಳು. ಲೈಟ್ ಆರಿಸಿದೆವು. ಪ್ರೊಜೆಕ್ಟರಿನ ಫ್ಯಾನ್ ಗುಂಯ್… ಅಂದಿತು. ಗುಬ್ಬಿಯ ಮುಖ ಪರದೆ ತುಂಬ ಬಂತು. ಬಂತು… ಆದರೆ ಹಣೆಯಿಂದ ಗದ್ದದವರೆಗೆ ಒಂದು ನೆರಳು. ತಲೆ, ಹೆಗಲು. ಯಾರೋ ಅಡ್ಡ ನಿಂತ ಹಾಗೆ.

ಪ್ರೊಜೆಕ್ಟರ್ ಮುಂದೆ ಯಾರೂ ಇರಲಿಲ್ಲ. ಭಾವ ಗಾಳಿಯಲ್ಲಿ ಕೈಯಾಡಿಸಿದರು. ನಾನು ಲೆನ್ಸ್ ಒರೆಸಿದೆ. ನೆರಳು ಕದಲಲಿಲ್ಲ. ನೆಲದ ಮೇಲೆ ಮಾತ್ರ… ಪಚ್.

"ಬಿಚ್ಚು ಅದನ್ನ. ಸುಟ್ಟುಬಿಡೋಣ," ಭಾವ ಪಿಸುಗುಟ್ಟಿದರು.

"ಮುಟ್ಟಿ ನೋಡಿ, ಗೊತ್ತಾಗುತ್ತೆ," ಅಂದಳು ಅಕ್ಕ. "ಇನ್ನೊಂದು ತರೋಕೆ ದುಡ್ಡಿಲ್ಲ. ನನ್ನ ಕಣ್ಣಿಗೆ ಟೈಮೂ ಇಲ್ಲ."

ಭಾವ ಕೇಳಲಿಲ್ಲ. ಪ್ಲಗ್ ಕಿತ್ತೇಬಿಟ್ಟರು. ಫ್ಯಾನ್ ನಿಂತಿತು. ಬಿಸಿ ತಗಡು ಆರುತ್ತಾ ಟಿಕ್… ಟಿಕ್…

ಗುಬ್ಬಿಯ ಮುಖ ಹಾಗೇ ಇತ್ತು. ನೆರಳೂ.

ಸುಳ್ಳು ಯಾಕೆ, ನಾನು ಬಾಗಿಲ ಕಡೆ ಸರಿದೆ. ಅಕ್ಕ ಎದ್ದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಅವಳ ನೆರಳು ಅದರ ಮೇಲೆ ಬೀಳಲಿಲ್ಲ.

"ನೀನು ಯಾರನ್ನ ಕಳ್ಕೊಂಡೆಯೋ ನಂಗೊತ್ತಿಲ್ಲ," ಅಂದಳು ಸಣ್ಣ ದನಿಯಲ್ಲಿ. "ಹೋಗು ಅಂತಾನೂ ಅನ್ನಲ್ಲ. ಆದ್ರೆ ಇದು ನಾನು ಹೆತ್ತ ಮುಖ. ನೋಡೋದಾದ್ರೆ ಪಕ್ಕಕ್ಕೆ ಕೂತು ನೋಡು. ಅಡ್ಡ ನಿಂತೆ ಅಂದ್ರೆ… ಬಾವಿ ಹತ್ರಾನೇ ಬಂದು ಜಗಳ ಆಡ್ತೀನಿ."

ಪಚ್… ಪಚ್…

ನೆರಳು ಸರಿಯಿತು. ಗದ್ದ ಕಂಡಿತು, ಮೂಗು ಕಂಡಿತು, ಕಣ್ಣು ಕಂಡವು. ಅಕ್ಕ ಹಿಂದಕ್ಕೆ ಬಂದು ಕೂತಳು. "ಹುಬ್ಬಿನ ಪಕ್ಕ ಒಂದು ಮಚ್ಚೆ ಇದೆ," ಅಂದಳು. "ನಂಗೆ ಮರೆತೇ ಹೋಗಿತ್ತು." ಆಮೇಲೆ ಅತ್ತಳು.

ಆ ವಿಡಿಯೊ ಬಹಳ ಚಿಕ್ಕದು. ನಾನೇ ತೆಗೆದದ್ದು. ಗುಬ್ಬಿ ಒಮ್ಮೆ ನಕ್ಕು ಓಡಿಹೋಗುತ್ತಾಳೆ, ಅಷ್ಟೇ. ಆ ರಾತ್ರಿ ಅವಳು ಓಡಲಿಲ್ಲ. ಅಕ್ಕ "ಸಾಕು" ಅನ್ನುವವರೆಗೂ ಅಲ್ಲೇ ನಿಂತು ಅಮ್ಮನನ್ನು ನೋಡುತ್ತಿದ್ದಳು. ಪ್ಲಗ್ ಭಾವನ ಕೈಯಲ್ಲಿತ್ತು. ಹೋಗಿ ಅವರನ್ನೇ ಕೇಳಿ ಬೇಕಾದರೆ.